ಒರತೆಯ ಮುಚ್ಚಳ ತೆಗೆದವರು ಯಾರು?

ನಮ್ಮೂರಿನಲ್ಲಿ ಮಗುವಿಗೆ ಭೇದಿ ಶುರುವಾದರೆ ಯಾರೂ ಗಾಬರಿಯಾಗುವುದಿಲ್ಲ. ಹಲ್ಲು ಬರುತ್ತಿರಬೇಕು ಅನ್ನುತ್ತಾರೆ. ಯಾರದೋ ಕಣ್ಣು ತಾಗಿರಬೇಕು ಅನ್ನುತ್ತಾರೆ. ತಾಯಿ ಬಿಸಿಲಲ್ಲಿ ಕೆಲಸ ಮಾಡಿ ಬಂದು ಹಾಲು ಕೊಟ್ಟಿರಬೇಕು ಎಂದು ಕೊನೆಗೆ ಅವಳ ತಲೆಗೇ ಕಟ್ಟುತ್ತಾರೆ. ಆ ಮಗು ಕುಡಿದ ನೀರು ಎಲ್ಲಿಯದು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಪಾಸ್ಕುವಾಲಾ. ಊರು ಚುಯಿಸಿವಾನ್, ಕಣಿವೆಯ ಮೇಲಂಚಿನಲ್ಲಿದೆ. ಗಂಡ ಲೂಕಾಸ್ ಕಬ್ಬು ಕಡಿಯಲು ಕರಾವಳಿಗೆ ಹೋಗಿದ್ದ. ಮನೆಯಲ್ಲಿ ಇದ್ದದ್ದು ನಾನು, ನನ್ನ ಮಾವ ಬಾಲ್ತಸಾರ್, ಇನ್ನೂ ನಡೆಯಲು ಕಲಿಯದ ನನ್ನ ಮಗಳು ತಾಲಿನ್. ಮಾವ ಊರಿಗೆಲ್ಲ ದೊಡ್ಡವರು, ದಿನ ನೋಡುವವರು. ನಮ್ಮಲ್ಲಿ ಒಂದೊಂದು ದಿನಕ್ಕೂ ಒಂದೊಂದು ಹೆಸರು, ಒಂದೊಂದು ಗುಣ. ಯಾವ ದಿನ ಬಿತ್ತಬೇಕು, ಯಾವ ದಿನ ಹೆಣ್ಣು ಕೇಳಲು ಹೋಗಬೇಕು, ಹುಟ್ಟಿದ ಮಗುವಿನ ದಿನ ಯಾವುದು ಎಂದು ಎಲ್ಲರೂ ಅವರನ್ನೇ ಕೇಳುವುದು. ಅವರ ಎದುರು ಯಾರೂ ದನಿ ಎತ್ತುವುದಿಲ್ಲ. ನಾನು ಎತ್ತಿದೆ. ಏಕೆ ಎತ್ತಿದೆ ಎಂದು ಹೇಳುತ್ತೇನೆ, ಕೇಳಿ.

ಹೋದ ವರ್ಷ ರಾಜಧಾನಿಯಿಂದ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಬಂದರು. ಗುಡ್ಡದ ಮೇಲಿನ ಒರತೆಗೆ ಸಿಮೆಂಟಿನ ತೊಟ್ಟಿ ಕಟ್ಟಿ ಮುಚ್ಚಳ ಹಾಕಿದರು. ನಮ್ಮ ಗಂಡಸರು ಸರದಿಯ ಮೇಲೆ ನೆಲ ಅಗೆದರು, ಹೆಂಗಸರು ಮರಳು ಹೊತ್ತೆವು. ಪೈಪು ಇಳಿದು ಬಂತು. ಅಂಗಳ ಅಂಗಳಕ್ಕೂ ನಲ್ಲಿ ಬಂತು. ಕೊಡ ಹೊತ್ತು ಏರು ಹತ್ತಿ ಸೊಂಟ ಮುರಿದುಕೊಂಡವರಿಗೆ ಅದು ಸಣ್ಣ ಸಂಗತಿಯಲ್ಲ. ಮೊದಲ ದಿನ ನಲ್ಲಿ ತಿರುಗಿಸಿ ನಾನು ಅತ್ತೇಬಿಟ್ಟಿದ್ದೆ. ಇನ್ನು ಮಕ್ಕಳಿಗೆ ಕಾಯಿಲೆಯ ಭಯವಿಲ್ಲ ಎಂದು ಆ ಹುಡುಗರು ಹೇಳಿದರು. ಊರಿನ ನೀರಿನ ಸಮಿತಿಯ ಗಂಡಸರೂ ಮೀಸೆ ತಿರುವಿಕೊಂಡು ಅದನ್ನೇ ಹೇಳಿದರು. ಪೈಪಿನ ನೀರು ತಾನೆ, ಕುದಿಸುವುದು ಏಕೆ, ಸೌದೆ ಏನು ಬಿಟ್ಟಿ ಬರುತ್ತದೆಯೇ ಎಂದು ಊರಿಗೆ ಊರೇ ಕುದಿಸುವುದನ್ನು ಬಿಟ್ಟಿತು.

ಈ ವರ್ಷ ಮೊದಲ ಮಳೆ ಬಿದ್ದ ವಾರವೇ ಮಕ್ಕಳು ಒಂದೊಂದಾಗಿ ಮಲಗಿದವು. ಪಕ್ಕದ ಮನೆಯ ಮಾರ್ತಿನಾಳ ಮಗ ಗಾಸ್ಪಾರ್ ತೀರಿಕೊಂಡ. ನಮ್ಮ ಅಂಗಳಕ್ಕೆ ಬಂದು ಕೋಳಿಮರಿಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದ ಹುಡುಗ. ಅವನನ್ನು ಮಣ್ಣು ಮಾಡಿ ಬಂದ ಗಂಡಸರು ಅದೇ ನಲ್ಲಿಯಲ್ಲಿ ಕೈಕಾಲು ತೊಳೆದರು, ಅದೇ ನಲ್ಲಿಯ ನೀರು ಕುಡಿದರು, ದೇವರ ಇಚ್ಛೆ ಎಂದು ಹೇಳಿ ಮನೆಗೆ ಹೋದರು. ಮಾರನೆಯ ದಿನ ನನ್ನ ತಾಲಿನ್‌ಗೆ ಶುರುವಾಯಿತು.

ದಿಯೇಗಾ ನನ್ನ ಗೆಳತಿ. ಊರಿನಲ್ಲಿ ಹೆರಿಗೆ ಮಾಡಿಸುವವಳು, ಪೇಟೆಯ ಆರೋಗ್ಯ ಕೇಂದ್ರದಲ್ಲಿ ತರಬೇತಿಯನ್ನೂ ಪಡೆದವಳು. ಸುದ್ದಿ ಸಿಕ್ಕ ಕೂಡಲೇ ಓಡಿ ಬಂದಳು.

"ಎಷ್ಟು ಸಲ ಆಯ್ತೇ?"

"ಯಾರಿಗೆ ಗೊತ್ತು ಕಣೇ. ಒಗೆದ ಬಟ್ಟೆ ಒಣಗೋಕೂ ಬಿಡ್ತಿಲ್ಲ."

ಅವಳು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಳು. ಚರ್ಮ ನಿಧಾನವಾಗಿ ಇಳಿಯಿತು.

"ನೋಡು, ಇದು ಬಿಟ್ಟ ತಕ್ಷಣ ಇಳೀಬೇಕಿತ್ತು. ಕಣ್ಣೂ ಗುಳಿ ಬಿದ್ದಿದೆ. ಅಳ್ತಾಳೆ, ಕಣ್ಣೀರು ಬರ್ತಿಲ್ಲ. ಮೈಯಲ್ಲಿರೋ ನೀರೆಲ್ಲ ಹೋಗ್ತಿದೆ. ಎದೆಹಾಲು ಕೊಡ್ತಿದೀಯಾ?"

"ಮಾವ ಬೇಡ ಅಂದ್ರು. ನನ್ನ ಹಾಲು ಕಾದುಬಿಟ್ಟಿದೆ ಅಂತೆ."

"ನಿಮ್ಮ ಮಾವ ಎಷ್ಟು ಮಕ್ಕಳಿಗೆ ಹಾಲು ಕೊಟ್ಟಿದಾರೆ ಕೇಳು! ಕೊಡೇ. ಅವಳು ಬಾಯಿ ತೆರೆದಾಗಲೆಲ್ಲ ಕೊಡು."

ಮಾವ ಒಲೆಯ ಪಕ್ಕದಲ್ಲೇ ಕೂತಿದ್ದರು. ಕೇಳಿಸಿಕೊಂಡೂ ಕೇಳಿಸದವರಂತೆ ಕೆಂಡ ಕೆದಕಿದರು. ದಿಯೇಗಾ ಒಂದು ಲೀಟರ್ ನೀರು ಕುದಿಸಿ ಆರಿಸಲು ಹೇಳಿದಳು. ಅದಕ್ಕೆ ಚಹಾ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿದಳು. ಆರೋಗ್ಯ ಕೇಂದ್ರದಲ್ಲಿ ಪೊಟ್ಟಣ ಸಿಗುತ್ತದೆ, ಸಿಗದಿದ್ದರೆ ಇದೇ ಆಗುತ್ತದೆ ಎಂದಳು.

"ಒಂದೇ ಸಲಕ್ಕೆ ಕುಡಿಸ್ಬೇಡ, ವಾಂತಿ ಮಾಡ್ತಾಳೆ. ಗುಟುಕು ಗುಟುಕಾಗಿ ಕೊಡ್ತಾನೇ ಇರು. ಕುಡಿಯೋದು ಬಿಟ್ರೆ, ಉಚ್ಚೆ ನಿಂತ್ರೆ, ರಕ್ತ ಕಂಡ್ರೆ, ಮಂಕಾಗಿ ಮಲಗಿಬಿಟ್ರೆ ಯಾರನ್ನೂ ಕೇಳ್ಬೇಡ. ಎತ್ಕೊಂಡು ಪೇಟೆಗೆ ಓಡು. ತಿಳೀತಾ?"

ಆಗ ಮಾವ ಬಾಯಿ ತೆರೆದರು. "ಪೇಟೆ ಡಾಕ್ಟರು ಏನು ಮಾಡ್ತಾನೆ? ಆ ಹುಡುಗರು ಒರತೆ ಮುಖ ಮುಚ್ಚಿದ್ರಲ್ಲ, ಅವತ್ತೇ ನಂಗೆ ಗೊತ್ತಿತ್ತು. ಬೆಟ್ಟದೊಡೆಯ ಸುಮ್ನಿರ್ತಾನಾ?"

"ಬೆಟ್ಟದೊಡೆಯನಿಗೆ ಸಿಟ್ಟಿದ್ರೆ ಮುಚ್ಚಿದೋರ ಹೊಟ್ಟೆ ಕೆಡಿಸ್ಲಿ ತಾತ. ಹಾಲು ಕುಡಿಯೋ ಮಗು ಏನು ಮಾಡ್ತು?" ದಿಯೇಗಾ ಸಿಡುಕಿದಳು. "ಆ ಹುಡುಗರಿಗೆ ಫೋನ್ ಮಾಡಿದೀನಿ. ಬಂದು ನೋಡ್ಲಿ."

ಅವರು ಆ ದಿನವೇ ಬಂದರು. ಇಬ್ಬರು. ನೊಯೆಮಿ ಎಂಬ ಹುಡುಗಿ, ಅವಳ ಅಜ್ಜಿ ನಮ್ಮವರೇ ಅಂತೆ, ನಮ್ಮ ಮಾತನ್ನು ತಡವರಿಸಿ ಆಡುತ್ತಾಳೆ. ಇನ್ನೊಬ್ಬ ದಾರಿಯೋ. ಅವನಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬಾರದು. ನೊಯೆಮಿ ನಮ್ಮ ನಲ್ಲಿಯಿಂದ, ಮಾರ್ತಿನಾಳ ನಲ್ಲಿಯಿಂದ, ಶಾಲೆಯ ನಲ್ಲಿಯಿಂದ ಸಣ್ಣ ಸಣ್ಣ ಶೀಶೆಗಳಿಗೆ ನೀರು ತುಂಬಿದಳು. ಅವುಗಳೊಳಗೆ ಔಷಧ ಹಚ್ಚಿದ ಕಾಗದವಿತ್ತು. ನೀರಿನಲ್ಲಿ ಮಲದ ಹೊಲಸಿದ್ದರೆ ಮಾರನೆಯ ದಿನಕ್ಕೆ ಕಪ್ಪಾಗುತ್ತದೆ ಎಂದಳು.

ದಾರಿಯೋ ಸುಮ್ಮನೆ ಇರಬಾರದೇ? ಪೇಟೆಯ ಅಂಗಡಿಗೆ ಬಟ್ಟೆ ನೇಯ್ದು ಮಾರುವ ನನಗೆ ಸ್ಪ್ಯಾನಿಷ್ ಬರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

"ತೊಟ್ಟಿ ಸರಿಯಾಗೇ ಕಟ್ಟಿದೀವಿ. ಇವರು ಕೈ ತೊಳೆಯಲ್ಲ, ಕೊಡ ತೊಳೆಯಲ್ಲ. ಆಮೇಲೆ ನಮ್ಮನ್ನ ಕರೀತಾರೆ" ಎಂದು ನೊಯೆಮಿಗೆ ಹೇಳುತ್ತಾ ಚೀಲದಿಂದ ಅಂಗಡಿಯ ನೀರಿನ ಬಾಟಲಿ ತೆಗೆದು ಗಟಗಟ ಕುಡಿದ.

"ಏನಪ್ಪಾ ಎಂಜಿನಿಯರೇ" ಅಂದೆ ನಾನು ಅವನ ಭಾಷೆಯಲ್ಲೇ, "ನೀನು ಕಟ್ಟಿದ ತೊಟ್ಟಿ ನೀರು ನಿನ್ನ ಗಂಟಲಲ್ಲೇ ಇಳಿಯಲ್ವಾ? ನಮ್ಮ ಮಕ್ಕಳಿಗಾದ್ರೆ ಇಳೀಬೇಕಾ?"

ಅವನ ಕಿವಿ ಕೆಂಪಾಯಿತು. ಬಾಟಲಿಯನ್ನು ಚೀಲಕ್ಕೆ ತುರುಕಿದ. ನನ್ನ ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ.

ಬೆಳಿಗ್ಗೆ ನೋಡಿದರೆ ಎಲ್ಲ ಶೀಶೆಗಳೂ ರೊಟ್ಟಿಯ ಹೆಂಚಿನ ತಳದಂತೆ ಕಪ್ಪಗಾಗಿದ್ದವು. ನೊಯೆಮಿ ಅವನ್ನು ಸಾಲಾಗಿ ಇಟ್ಟು ದಾರಿಯೋನತ್ತ ತಿರುಗಿದಳು.

"ಒಂದು ಮನೇದು ಕಪ್ಪಾಗಿದ್ರೆ ಕೊಡದ ತಪ್ಪು ಅನ್ಬಹುದಿತ್ತು. ಎಲ್ಲಾ ನಲ್ಲಿದೂ ಕಪ್ಪಾಗಿದೆ. ಹೊಲಸು ಮೇಲಿಂದಲೇ ಬರ್ತಿದೆ. ನಡಿ, ಒರತೆಗೆ ಹೋಗೋಣ."

ನಾನೂ ಹೊರಟೆ. ತಾಲಿನ್‌ಳನ್ನು ಬಿಟ್ಟು ಹೋಗಲು ಮನಸ್ಸು ಬಾರದೆ ಬೆನ್ನಿಗೆ ಕಟ್ಟಿಕೊಂಡೆ. ದಿಯೇಗಾ ಸಕ್ಕರೆ ಉಪ್ಪಿನ ನೀರು ಹಿಡಿದು ಜೊತೆಗೆ ಬಂದಳು. ಬೇಲಿಯ ಬಳಿ ನಿಂತಿದ್ದ ಮಾರ್ತಿನಾ ಯಾರೂ ಕರೆಯದಿದ್ದರೂ ನಮ್ಮ ಹಿಂದೆ ನಡೆದಳು.

ಒರತೆಯ ದಾರಿಯಲ್ಲಿ ಕಳೆ ಬೆಳೆದು ನಿಂತಿತ್ತು. ಹಿಂದೆ ಊರಿನ ಹೆಂಗಸರೆಲ್ಲ ದಿನಾ ತುಳಿದು ನುಣ್ಣಗೆ ಮಾಡಿದ್ದ ದಾರಿ ಅದು. ಒರತೆಗೆ ಎಲೆ ಬಿದ್ದರೂ ಯಾರಾದರೂ ಎತ್ತಿ ಹಾಕುತ್ತಿದ್ದೆವು, ನಾಯಿ ಬಂದರೆ ಕಲ್ಲು ಬೀಸುತ್ತಿದ್ದೆವು. ಅಂಗಳಕ್ಕೆ ನಲ್ಲಿ ಬಂದ ಮೇಲೆ ಯಾವ ಹೆಂಗಸೂ ಆ ಕಡೆ ತಲೆ ಹಾಕಿರಲಿಲ್ಲ. ಸಮಿತಿಯ ಗಂಡಸರಂತೂ ತೊಟ್ಟಿಯ ಮುಂದೆ ಫೋಟೊ ತೆಗೆಸಿಕೊಂಡ ದಿನವೇ ಕೊನೆ.

ಮೇಲೆ ಹೋಗಿ ನೋಡಿದೆವು. ತೊಟ್ಟಿಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ಅಂಚಿನ ಸುತ್ತ ಮೇಣದ ಬತ್ತಿಗಳು ಕರಗಿ ಅಂಟಿದ್ದವು. ಪೈನ್ ಮರದ ಎಲೆ, ಹೂವಿನ ಎಸಳು, ಕೋಳಿಯ ಪುಕ್ಕ, ನೈವೇದ್ಯದ ಸಕ್ಕರೆ. ಆ ಸಕ್ಕರೆ ನೆಕ್ಕಲು ಆಡುಗಳು ಬಂದಿದ್ದವು. ಒಂದು ಆಡು ತೊಟ್ಟಿಯ ಮೇಲೇ ಹತ್ತಿ ನಿಂತಿತ್ತು. ಅಂಚಿನಲ್ಲೆಲ್ಲ ಹಿಕ್ಕೆ. ಮಳೆ ಬಂದಾಗ ಅಷ್ಟೂ ತೊಳೆದುಕೊಂಡು ಒಳಗೇ ಹೋಗಿತ್ತು. ಬಗ್ಗಿ ನೋಡಿದರೆ ನೀರಿನ ಮೇಲೆ ಹಿಕ್ಕೆ ತೇಲುತ್ತಿತ್ತು. ಆ ನೀರು ನಮ್ಮ ನಲ್ಲಿಗೆ ಇಳಿಯುತ್ತಿತ್ತು.

ಅಲ್ಲೇ ಒಂದು ಕಲ್ಲಿನ ಮೇಲೆ ನನ್ನ ಮಾವ ಕೂತಿದ್ದರು. ಅವರು ದಿನಾ ಬೆಳಗಾಗುವ ಮುಂಚೆ ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ಆಗ ತಿಳಿಯಿತು. 'ಒಳಗೆ ಬರಬಾರದು' ಎಂದು ಸ್ಪ್ಯಾನಿಷಿನಲ್ಲಿ ಬರೆದು ಹುಡುಗರು ನೆಟ್ಟಿದ್ದ ಬೋರ್ಡನ್ನು ಕಿತ್ತು, ಬತ್ತಿಗೆ ಗಾಳಿ ಹೊಡೆಯದಂತೆ ಅಡ್ಡ ಇಟ್ಟುಕೊಂಡಿದ್ದರು.

"ಯಾರು ತೆಗೆದಿದ್ದು ಇದನ್ನ?" ದಾರಿಯೋ ಕಿರುಚಿದ. ದಿಯೇಗಾ ಅದನ್ನು ನಮ್ಮ ಮಾತಿನಲ್ಲಿ ಹೇಳಿದಳು.

"ನಾನು" ಅಂದರು ಮಾವ.

"ಯಾಕೆ?"

"ನೀನು ಮುಚ್ಚಿದ್ಯಲ್ಲ, ಅದಕ್ಕೆ." ಮಾವ ಎದ್ದು ನಿಂತರು. "ಮುಖದ ಮೇಲೆ ಮುಚ್ಚೋದು ಹೆಣಕ್ಕೆ ಕಣಪ್ಪಾ. ಜೀವ ಇರೋದಕ್ಕೆ ಯಾರಾದ್ರೂ ಮುಚ್ತಾರಾ? ದಿನಾ ಬೆಳಿಗ್ಗೆ ಇವತ್ತು ಯಾವ ದಿನ ಅಂತ ಒರತೆಗೆ ಹೆಸರು ಹಿಡಿದು ಹೇಳ್ಬೇಕು. ನಮ್ಮಪ್ಪ ಹೇಳ್ತಿದ್ದ, ಅವನಪ್ಪ ಹೇಳ್ತಿದ್ದ. ನೀನು ಬಂದೆ, ಬಾಯಿಗೆ ಕಲ್ಲು ಹೇರಿ ಹೋದೆ. ನನ್ನನ್ನ ಕೇಳಿದ್ಯಾ?"

"ಇದೇ ಮೂಢನಂಬಿಕೆ! ಇದಕ್ಕೇ ಇವರು ಉದ್ಧಾರ ಆಗಲ್ಲ!" ದಾರಿಯೋ ಕೈ ಚೆಲ್ಲಿದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಬಾಯಿ ಮುಚ್ಚು!" ಅಂದೆ ಅವನಿಗೆ. "ಉದ್ಧಾರದ ಮಾತು ನಂಗೆ ಹೇಳ್ಬೇಡ. ಶಾಲೇಲಿ ಸಮಿತಿ ಗಂಡಸರ ಜೊತೆ ಕೂತು, ನಿಂಗೆ ಬರೋ ಭಾಷೇಲಿ ಮಾತಾಡಿ, ನಾವು ಬೇಯಿಸಿದ ಕೋಳಿ ಸಾರು ಕುಡಿದು ಎದ್ದು ಹೋದೆ. ಒರತೆಗೆ ದಿನಾ ಹೋಗೋರು ಯಾರು ಅಂತ ಕೇಳಿದ್ಯಾ? ನೀರು ಹೊರೋ ಹೆಂಗಸರನ್ನ ಒಳಗೆ ಕರೆದ್ಯಾ? ಕಲ್ಲು ಮಣ್ಣು ಅಳೆದೆ, ಇಲ್ಲಿ ಮನುಷ್ಯರಿದಾರೆ ಅನ್ನೋದು ನಿಂಗೆ ಕಾಣಿಸ್ಲಿಲ್ವಾ? ಮುಚ್ಚಳಕ್ಕೆ ಒಂದು ಬೀಗ ಹಾಕೋಕೂ ನಿನ್ನ ಕೈಲಿ ಆಗ್ಲಿಲ್ಲ. ತಿರುಗಿ ಬಂದು ಒಂದ್ಸಲ ನೋಡೋಕೂ ಆಗ್ಲಿಲ್ಲ!"

ಅವನು ನೊಯೆಮಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿ, "ಅವರು ಹೇಳ್ತಿರೋದು ನಿಜ, ದಾರಿಯೋ" ಎಂದಳು.

ಮಾವನ ಮುಖದಲ್ಲಿ ಗೆದ್ದ ಕಳೆ ಬಂತು. ಅದನ್ನು ನೋಡಿ ನನಗೆ ಇನ್ನೂ ಉರಿಯಿತು. ಅಷ್ಟರಲ್ಲಿ ಮಾರ್ತಿನಾ ತೊಟ್ಟಿಯ ಬಳಿ ಹೋಗಿ ಒಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನನ್ನ ಗಾಸ್ಪಾರ್ ಕುಡಿದಿದ್ದು ಇದನ್ನೇನಾ?" ಎಂದಳು.

ಮಾವ ಪಕ್ಕದಲ್ಲಿ ಇಟ್ಟುಕೊಂಡಿದ್ದ ನೀರಿನ ಸೋರೆಬುರುಡೆಯನ್ನು ನಾನು ಕಿತ್ತುಕೊಂಡು ತೊಟ್ಟಿಯೊಳಗೆ ಅದ್ದಿ ತುಂಬಿ ಅವರ ಕೈಗೇ ಕೊಟ್ಟೆ. ಬೆನ್ನಿನ ಮೇಲಿದ್ದ ತಾಲಿನ್‌ಳನ್ನು ಬಿಚ್ಚಿ ಅವರ ಮುಂದೆ ಹಿಡಿದೆ.

"ತಗೊಳ್ಳಿ ಮಾವ. ನಿಮ್ಮ ಕೈಯಾರೆ ಕುಡಿಸಿ. ಒರತೆ ಪವಿತ್ರ ತಾನೆ? ಬೆಟ್ಟದೊಡೆಯ ಕೊಟ್ಟಿದ್ದು ತಾನೆ? ಇಷ್ಟು ದಿನ ನಾನು ಗೊತ್ತಿಲ್ಲದೆ ಕುಡಿಸ್ದೆ. ಇವತ್ತು ನೀವು ಗೊತ್ತಿದ್ದು ಕುಡಿಸಿ, ನೋಡೋಣ!"

ತಾಲಿನ್‌ಗೆ ಬಾಯಾರಿತ್ತು. ಬುರುಡೆ ಕಂಡು ಎರಡೂ ಕೈ ಚಾಚಿದಳು. ಒಣಗಿದ ತುಟಿ ತೆರೆದು ಮುಂದಕ್ಕೆ ಬಗ್ಗಿದಳು. ಮಾವ ಬುರುಡೆಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. ಅವಳು ಮತ್ತೆ ಚಾಚಿದಳು. ಅವರು ಇನ್ನೂ ಹಿಂದಕ್ಕೆ ಹೋದರು. ನೀರು ಅವರ ಅಂಗಿಯ ಮೇಲೆಲ್ಲ ಚೆಲ್ಲಿತು. ಉಳಿದದ್ದನ್ನು ಅವರು ನೆಲಕ್ಕೆ ಸುರಿದುಬಿಟ್ಟರು.

"ಬೇಡ ಮಗಳೇ" ಎಂದರು. ತಾಲಿನ್‌ಗೆ ಹೇಳಿದರೋ ನನಗೋ ತಿಳಿಯಲಿಲ್ಲ.

ಮಗು ಅಳಲು ಬಾಯಿ ತೆರೆಯಿತು, ದನಿಯೇ ಬರಲಿಲ್ಲ. ದಿಯೇಗಾ ಚಮಚ ಬಾಯಿಗಿಟ್ಟರೆ ಕುಡಿಯಲೂ ಇಲ್ಲ, ಕತ್ತು ವಾಲಿತು. ಅವಳು ಹೊಟ್ಟೆಯ ಚರ್ಮ ಹಿಡಿದು ಬಿಟ್ಟಳು. ಅದು ಹಾಗೇ ನಿಂತುಕೊಂಡಿತು.

"ಇನ್ನು ಒಂದು ಗಳಿಗೆ ಕಾಯೋ ಹಾಗಿಲ್ಲ. ಪೇಟೆಗೆ ನಡೀರಿ!"

ಮಾವ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು, ನನ್ನ ಶಾಲನ್ನೂ ಕಿತ್ತುಕೊಂಡು ತಮ್ಮ ಬೆನ್ನಿಗೆ ಕಟ್ಟಿಕೊಂಡರು. ನಮ್ಮಲ್ಲಿ ಗಂಡಸರು ಹೀಗೆ ಮಗು ಕಟ್ಟಿಕೊಳ್ಳುವುದಿಲ್ಲ. ಕಂಡವರು ನಗುತ್ತಾರೆ. ಅವರು ಕೆಳಗಿನ ರಸ್ತೆಯವರೆಗೂ ಓಡಿದರು, ಹಿಂದೆ ನಾವು. ದಾರಿಯೋ ಎಲ್ಲರಿಗಿಂತ ಮುಂದೆ ಓಡಿ, ರಸ್ತೆಯ ಮಧ್ಯೆ ನಿಂತು ಒಂದು ಪಿಕಪ್ ಗಾಡಿ ನಿಲ್ಲಿಸಿದ್ದ.

ಆರೋಗ್ಯ ಕೇಂದ್ರದಲ್ಲಿ ತಾಲಿನ್‌ಗೆ ಗ್ಲೂಕೋಸ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನಾನು ಅವಳ ಕಾಲು ಹಿಡಿದು ಕೂತೆ. ಮಾವ ಬಾಗಿಲ ಹೊರಗೆ ನಿಂತೇ ಇದ್ದರು, ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಸಂಜೆಯ ಹೊತ್ತಿಗೆ ಅವಳು ನನ್ನ ಮಡಿಲಲ್ಲಿ ಉಚ್ಚೆ ಹೊಯ್ದು ಲಂಗವನ್ನೆಲ್ಲ ಒದ್ದೆ ಮಾಡಿದಳು. ಹುಟ್ಟಿದ ಮೇಲೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ. "ಮಾವ, ಉಚ್ಚೆ ಹೊಯ್ದಳು!" ಎಂದು ಕೂಗಿದೆ. ಹೊರಗೆ ಆ ದೊಡ್ಡ ಮನುಷ್ಯರು ಗೋಡೆಗೆ ಒರಗಿ ಕುಸಿದು ಕೂತು ಅತ್ತರು.

ಆದರೆ ಒಂದು ಮಾತು. ಅತ್ತರೆ ಒರತೆ ಶುದ್ಧವಾಗುವುದಿಲ್ಲ. ನಾವು ಊರಿಗೆ ಮರಳಿದಾಗ ನೊಯೆಮಿ ಅಂಗಳದಲ್ಲಿ ಕಾಯುತ್ತಿದ್ದಳು.

"ತಾತ" ಎಂದಳು, "ನಾವು ಕಟ್ಟೋ ಮೊದಲು ಒರತೆ ಹೇಗಿತ್ತು? ನಂಗೆ ತೋರಿಸ್ತೀರಾ?"

ಈ ಪ್ರಶ್ನೆಯನ್ನು ಹೋದ ವರ್ಷವೇ ಕೇಳಿದ್ದರೆ! ಮಾವ ಅವಳನ್ನು ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ದಾರಿಯೋ, ನಾನು ಇಬ್ಬರೂ ಹಿಂದೆ ಹೋದೆವು. ತೊಟ್ಟಿ ಕಟ್ಟುವ ಮೊದಲು ಬಂಡೆಯ ಬಾಯಿಂದ ನೀರು ಪೂರ್ವದ ಕಡೆಗೆ ಬೀಳುತ್ತಿತ್ತು. ಕೆಳಗೆ ಕಲ್ಲಿನ ಬಾನಿ ಇತ್ತು. ಹುಟ್ಟುವ ಸೂರ್ಯ ಆ ನೀರಿನಲ್ಲಿ ಕಾಣುತ್ತಿದ್ದ.

"ಈ ಮುಚ್ಚಳ ಹಾಕಿದ್ರೆ ಅದು ಉಸಿರು ಕಟ್ಟಿ ಸಾಯುತ್ತೆ. ನಂಗಿರೋ ಭಯ ಅದೇ" ಎಂದರು.

ನೊಯೆಮಿ ಯೋಚಿಸಿದಳು. ತೊಟ್ಟಿಯ ತಲೆಯ ಮೇಲೆ ಬಗ್ಗಿದ ಪೈಪೊಂದಿತ್ತು, ಅದರ ಬಾಯಿಗೆ ಜಾಲರಿ. "ತಾತ, ಸ್ವಲ್ಪ ಧೂಪ ಹಾಕಿ. ಹೊಗೆ ಈ ಪೈಪಿನ ಬಾಯಿ ಹತ್ರ ಹಿಡೀರಿ." ಮುಚ್ಚಳವನ್ನು ಬಿಗಿಯಾಗಿ ಹಾಕಿಸಿ, ದಾರಿಯೋಗೆ ಕೆಳಗಿನ ತೂಬು ತೆಗೆಯಲು ಹೇಳಿದಳು. ಒಳಗಿನ ನೀರು ಇಳಿಯುತ್ತಿದ್ದಂತೆ ಕೋಪಾಲ್ ಧೂಪದ ಹೊಗೆ ಮೇಲಕ್ಕೆ ಹೋಗುವುದನ್ನು ಬಿಟ್ಟು ಜಾಲರಿಯೊಳಗೆ ಎಳೆದುಕೊಂಡು ಹೋಯಿತು. ತೂಬು ಮುಚ್ಚಿದರೆ ಹೊಗೆ ನಿಧಾನವಾಗಿ ಹೊರಕ್ಕೆ ಬಂತು.

"ಉಸಿರಾಡ್ತಿದೆ" ಎಂದರು ಮಾವ ಮೆಲ್ಲಗೆ.

"ಉಸಿರಾಡೋಕೆ ಅಂತಲೇ ಇಟ್ಟಿದ್ದು ತಾತ. ಇಲ್ಲಿಂದ ಗಾಳಿ ಹೋಗುತ್ತೆ, ನೊಣ ಹೋಗಲ್ಲ, ಹಿಕ್ಕೆ ಹೋಗಲ್ಲ. ಆದ್ರೆ ಇದನ್ನ ನಿಮಗೆ ಹೇಳ್ಲಿಲ್ಲ ನೋಡಿ, ಅದು ನಮ್ಮ ತಪ್ಪು. ಇನ್ನೊಂದು ಇದೆ. ತೊಟ್ಟಿ ತುಂಬಿ ಹೆಚ್ಚಾದ ನೀರು ಹೋಗೋ ಪೈಪು ಹಿಂದುಗಡೆ ಪೊದೆಯೊಳಗಿದೆ. ಅದನ್ನ ಮುಂದಕ್ಕೆ, ಪೂರ್ವಕ್ಕೆ ತಿರುಗಿಸ್ತೀವಿ. ಅದೇ ನೀರು, ಅದೇ ಒರತೆ. ಬಯಲಲ್ಲಿ ಬಾನಿಗೆ ಬೀಳುತ್ತೆ. ಬತ್ತಿ, ಸಕ್ಕರೆ, ಹೂವು, ದಿನದ ಹೆಸರು ಎಲ್ಲಾ ಅಲ್ಲಿ. ಆ ಬಾನಿ ನೀರು ಯಾರೂ ಕುಡಿಯೋದು ಬೇಡ. ತೊಟ್ಟಿ ಮಾತ್ರ ಮುಚ್ಚಿರ್ಲಿ."

ಮಾವ ಅವಳನ್ನು ದಿಟ್ಟಿಸಿದರು. "ಇಷ್ಟು ಸುಲಭಾನಾ?"

"ಇಷ್ಟೇ ಸುಲಭ ತಾತ."

"ಹಾಗಾದ್ರೆ ನೀನು ಹೋದ ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಬೈದರು. ನೊಯೆಮಿ ಕಣ್ಣು ಒರೆಸಿಕೊಂಡಳು. ಆ ಬೈಗುಳ ಅವಳಿಗೆ ಸಲ್ಲಬೇಕಾದದ್ದೇ, ನನಗೇನೂ ಮರುಕ ಹುಟ್ಟಲಿಲ್ಲ.

ಕೆಲಸ ಶುರುವಾಗುವ ಮೊದಲು ನಾವು ಹೆಂಗಸರು ಶಾಲೆಯೊಳಗೆ ನುಗ್ಗಿ ಕೂತೆವು. ನೀರಿನ ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು, ಮಾತು ನಮ್ಮ ಭಾಷೆಯಲ್ಲೇ ನಡೆಯಬೇಕು, ಒಪ್ಪದಿದ್ದರೆ 'ರೊಟ್ಟಿ ನೀವೇ ತಟ್ಟಿಕೊಳ್ಳಿ' ಎಂದೆವು. ಒಪ್ಪಿದರು. ಸಿಮೆಂಟು ಕಲಸುವ ದಿನ ಯಾವುದೆಂದು ದಾರಿಯೋ ಮಾವನನ್ನು ಕೇಳಲು ಬಂದ. ಇವತ್ತು ಬೇಡ, ನಾಳೆಯೂ ಬೇಡ ಎಂದರು ಮಾವ. ಅವನು ಗೊಣಗಿಕೊಂಡು ಕಾದ. ಕಾದು ಕೂತವನು ಸುಮ್ಮನಿರಲಾರದೆ ಬಾನಿಗೆ ಕಲ್ಲು ಹೊತ್ತ. ತೊಟ್ಟಿಯನ್ನು ಬರಿದು ಮಾಡಿ, ಉಜ್ಜಿ, ಕ್ಲೋರಿನ್ ಹಾಕಿ ತೊಳೆದೆವು. ಆಡುಗಳು ಬಾರದಂತೆ ಸುತ್ತ ಮುಳ್ಳಿನ ಬೇಲಿ ಹಾಕಿದೆವು. ಮುಚ್ಚಳಕ್ಕೆ ಬೀಗ ಬಿತ್ತು. ಬೀಗದ ಕೈ ಮಾರ್ತಿನಾಳ ಸೊಂಟದಲ್ಲಿದೆ.

ಕ್ಲೋರಿನ್ ನೀರು ವಾಸನೆ ಬರುತ್ತದೆ ಎಂದು ಕೆಲವರು ಮೂಗು ಮುರಿದರು. "ಕೊಡದಲ್ಲಿ ತುಂಬಿ ಸ್ವಲ್ಪ ಹೊತ್ತು ಬಿಡ್ರಿ, ವಾಸನೆ ಹೋಗುತ್ತೆ. ಶವಪೆಟ್ಟಿಗೆ ವಾಸನೆಗಿಂತ ಇದು ವಾಸಿ ಅಲ್ವಾ?" ಎಂದಳು ದಿಯೇಗಾ. ಆಮೇಲೆ ಯಾರೂ ಗೊಣಗಲಿಲ್ಲ.

ಮಾವ ಈಗಲೂ ನಸುಕಿನಲ್ಲೇ ಎದ್ದು ಹೋಗುತ್ತಾರೆ. ಬಾನಿಯ ಮುಂದೆ ನಿಂತು ದಿನದ ಹೆಸರು ಹೇಳುತ್ತಾರೆ. ಯಾರಾದರೂ ಮುಚ್ಚಳದ ಬಳಿ ಸುಳಿದರೆ ಕೋಲು ಎತ್ತುತ್ತಾರೆ. ಮನೆಯಲ್ಲಿ ನೀರು ಕುದಿಯದೆ ತಾಲಿನ್‌ಗೆ ಲೋಟ ಕೊಡಲು ಅವರೇ ಬಿಡುವುದಿಲ್ಲ. ತಾಲಿನ್ ಈಗ ನಡೆಯುತ್ತಾಳೆ.

ಮಾರ್ತಿನಾ ಇವತ್ತಿಗೂ ನನ್ನ ಮಾವನ ಜೊತೆ ಮಾತಾಡುವುದಿಲ್ಲ. ದಾರಿಯೋ ಜೊತೆಗೂ ಮಾತಾಡುವುದಿಲ್ಲ. ಮಾತಾಡು ಎಂದು ನಾನು ಅವಳಿಗೆ ಹೇಳುವುದೂ ಇಲ್ಲ. ಕೇಳದೆ ಕಟ್ಟಿದವರು, ಹೇಳದೆ ತೆರೆದವರು, ಕಟ್ಟಿಸಿಕೊಂಡು ತಿರುಗಿ ನೋಡದ ಊರಿನವರು, ಎಲ್ಲರೂ ಸೇರಿ ಅವಳ ಮಗನಿಗೆ ಆ ನೀರು ಕುಡಿಸಿದೆವು.

ಈಗ ನಿಮಗೆ ಹೇಳುತ್ತೇನೆ, ಇದನ್ನು ಓದುತ್ತಿರುವವರೇ, ಯಾರೋ ಓದುವುದನ್ನು ಕೇಳುತ್ತಿರುವವರೇ. ನಿಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ? ಆ ತೊಟ್ಟಿಯನ್ನು ನೀವು ಕಡೆಯ ಸಲ ನೋಡಿದ್ದು ಯಾವಾಗ? ಎದ್ದು ಹೋಗಿ ನೋಡಿ. ಮುಚ್ಚಳ ಇದೆಯೇ, ಜಾಲರಿ ಹರಿದಿದೆಯೇ, ದನ ಆಡು ಹತ್ತಿರ ಬರುತ್ತವೆಯೇ ನೋಡಿ. ಮುಚ್ಚಳ ತೆರೆದಿದ್ದರೆ ಯಾರು ತೆರೆದರು, ಏಕೆ ತೆರೆದರು ಎಂದು ಮೊದಲು ಕೇಳಿ. ಬೈಯುವುದಿದ್ದರೆ ಆಮೇಲೆ ಬೈಯಿರಿ. ತೊಟ್ಟಿ ಕಟ್ಟಲು ಬರುವ ಓದಿದವರೇ, ಗುದ್ದಲಿ ಹಾಕುವ ಮೊದಲು ಆ ನೀರಿನ ಹತ್ತಿರ ದಿನಾ ಹೋಗುವವರ ಪಕ್ಕದಲ್ಲಿ ಕೂತು ಮಾತಾಡಿ. ಪೈಪಿನ ನೀರೇ ಆದರೂ ಕುದಿಸಿ. ಚೆನ್ನಾಗಿ ಕುದಿ ಬಂದ ಮೇಲೂ ಮೂರು ನಿಮಿಷ ಒಲೆಯ ಮೇಲೇ ಬಿಡಿ. ಭೇದಿಯಾದ ಮಗುವಿಗೆ ಎದೆಹಾಲು ನಿಲ್ಲಿಸಬೇಡಿ, ಸಕ್ಕರೆ ಉಪ್ಪಿನ ನೀರು ಕೊಡಿ, ಮಗು ಮಂಕಾದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಓಡಿ.

ಇವಳ ಮಾತು ಒರಟಾಯಿತು ಅನ್ನಿಸಿತೇ? ಅನ್ನಿಸಲಿ. ನಿಮ್ಮ ಮಗು ಬಾಯಾರಿ ಕೈ ಚಾಚಿದಾಗ ನಿಮ್ಮ ಕೈಯಲ್ಲಿರುವ ಲೋಟದೊಳಗೆ ಏನಿದೆ ಎಂದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲವೇ? ಹಾಗಾದರೆ ಆ ಲೋಟ ಕೆಳಗಿಡಿ, ಒಲೆ ಹಚ್ಚಿ.